ವರ್ಷಕ್ಕೆ 2,000 ಮಿ.ಮೀ ಮಳೆ ಸುರಿಯೋ ಕಾಡು, ಆದ್ರೂ ಬೇಸಿಗೆಯಲ್ಲಿ ಒಳಗೆ ಬಿಡಲ್ಲ. ಇದು ಸರಿಯಾ?

ತುಂಗಾತೀರ
ನಾನು ಕೆಲಸದ ಮೇಲೆ ದಕ್ಷಿಣ ಸ್ಪೇನಿನ ಸೆವಿಲ್‌ನಲ್ಲಿದ್ದೀನಿ. ಇಲ್ಲಿಂದ ಕಾರಲ್ಲಿ ಎರಡು ಗಂಟೆಯೊಳಗೆ ಗ್ರಸಲೇಮಾ ಬೆಟ್ಟಸಾಲು ಸಿಗುತ್ತೆ, ಕಾದಿಸ್ ಮತ್ತು ಮಾಲಗ ಪ್ರಾಂತ್ಯಗಳಿಗೆ ಹಂಚಿಕೊಂಡಿರೋ ಸಂರಕ್ಷಿತ ಕಾಡು. ಯುನೆಸ್ಕೊ 1977ರಲ್ಲೇ ಇದನ್ನ ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿತ್ತು, 1984ರಲ್ಲಿ ನ್ಯಾಚುರಲ್ ಪಾರ್ಕ್ ಆಯ್ತು. ಒಟ್ಟು ವಿಸ್ತೀರ್ಣ 53,000 ಹೆಕ್ಟೇರ್ ಚಿಲ್ಲರೆ.

ಅಲ್ಲಿ ಪಿನ್ಸಾಪೊ ಅನ್ನೋ ಫರ್ ಮರದ ಕಾಡಿದೆ. ಗ್ರಸಲೇಮಾ ಊರಿನ ಮೇಲಿಂದ ಬೆನಮಾಓಮಾ ಅನ್ನೋ ಹಳ್ಳಿವರೆಗೆ ಸುಮಾರು 12 ಕಿ.ಮೀ ನಡೆಯೋ ದಾರಿ. ಜುಲೈನಲ್ಲಿ ಹೋಗೋಣ ಅಂತ ಕೇಳಿದ್ರೆ, ಬೆಂಕಿ ಕಾಲ, ನೀವಾಗೇ ಹೋಗೋ ಹಾಗಿಲ್ಲ ಅಂದ್ರು. ಬೇರೆ ತಿಂಗಳಲ್ಲೂ ಪರ್ಮಿಟ್ ಬೇಕಂತೆ, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಬೇರೆ. ಸ್ಪೇನಿನಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಇದೂ ಒಂದು. ಅಂಥ ಕಾಡಿಗೆ ಬೆಂಕಿ ಭಯ ಹೇಗೆ? ಮಲೆನಾಡಲ್ಲಿ ಹುಟ್ಟಿದವನಿಗೆ ತಲೆಗೆ ಹೋಗ್ತಿಲ್ಲ. ತಿಳಿದವರು ಹೇಳಿ.

ಚಾರಣಪ್ರಿಯ
ಎಲ್ಲಾ ದೇಶದಲ್ಲೂ ಇದೇ ಹಾಡು. ನಡೆಯೋನ ಕಾಲಿಗೆ ಬೇಡಿ, ರೆಸಾರ್ಟಿಗೆ ಕೆಂಪು ಹಾಸು. ನೆಟ್ಟಗೆ ದಾರಿ ಹಿಡಿದು ನಡೆದು ವಾಪಸ್ ಬರೋ ಮನುಷ್ಯನಿಂದ ಕಾಡಿಗೆ ಏನು ನಷ್ಟ ಅಂತ ಯಾರಾದ್ರೂ ವಿವರಿಸಿ.

ಮಾಲಗ_ವಾಸಿ
@ತುಂಗಾತೀರ ಮಳೆ ಎಷ್ಟು ಬೀಳುತ್ತೆ ಅನ್ನೋದಕ್ಕಿಂತ ಯಾವಾಗ ಬೀಳುತ್ತೆ ನೋಡಿ. ಅಟ್ಲಾಂಟಿಕ್ ಕಡೆಯಿಂದ ಬರೋ ಮೋಡಗಳಿಗೆ ಎದುರಾಗೋ ಮೊದಲ ಎತ್ತರದ ಬೆಟ್ಟ ಇದು. ಹಾಗಾಗಿ ಅಕ್ಟೋಬರ್‌ನಿಂದ ಏಪ್ರಿಲ್-ಮೇವರೆಗೆ ಹೊಡೆಯುತ್ತೆ. ಆಮೇಲೆ ಜುಲೈ, ಆಗಸ್ಟ್ ಎರಡೂ ತಿಂಗಳು ಹೆಚ್ಚುಕಡಿಮೆ ಹನಿ ಇಲ್ಲ. ನಮ್ಮೂರಲ್ಲಿ ಬಿಸಿಲು ಏರಿ ಇನ್ನು ತಡೆಯಲ್ಲ ಅನ್ನೋ ಹೊತ್ತಿಗೆ ಮುಂಗಾರು ಬಂದು ತಣಿಸುತ್ತೆ. ಇಲ್ಲಿ ಚಳಿಯೂ ಮಳೆಯೂ ಒಟ್ಟಿಗೆ, ಸೆಕೆಯೂ ಬರವೂ ಒಟ್ಟಿಗೆ. ಮೆಡಿಟರೇನಿಯನ್ ಕಾಡಿನ ಕಷ್ಟವೆಲ್ಲ ಅದರಲ್ಲೇ ಇದೆ. ಗಿಡ ಬೆಳೆಯೋಕೆ ಬಿಸಿಲು ಇದ್ದಾಗ ನೀರಿಲ್ಲ, ನೀರಿದ್ದಾಗ ಬಿಸಿಲಿಲ್ಲ.

ಅಡಿಕೆತೋಟ
2,000 ಮಿ.ಮೀ ಅಂದ್ರೆ ಏನು ಮಹಾ ಮಾರಾಯ್ರೆ, ಆಗುಂಬೆಯಲ್ಲಿ 7,000 ದಾಟ್ತದೆ.

ಮಾಲಗ_ವಾಸಿ
ಅದು ನಿಜ. ಆದ್ರೆ ಗ್ರಸಲೇಮಾದಿಂದ ಬರೀ ನೂರು ಚಿಲ್ಲರೆ ಕಿ.ಮೀ ಪೂರ್ವಕ್ಕೆ ಹೋದ್ರೆ ವರ್ಷಕ್ಕೆ 500 ಮಿ.ಮೀ ಸಿಕ್ಕರೆ ಪುಣ್ಯ ಅನ್ನೋ ಆಲಿವ್ ತೋಟಗಳ ಸೀಮೆ. ಆ ಹಿನ್ನೆಲೆಯಲ್ಲಿ ನೋಡಿ.

ಕಲ್ಲುಬಂಡೆ
ಮಳಿ ಬಿದ್ರೂ ನೀರು ನಿಲ್ಲಂಗಿಲ್ಲ ನೋಡ್ರಿ ಅಲ್ಲೆ. ಇಡೀ ಗುಡ್ಡಾನ ಸುಣ್ಣಕಲ್ಲು. ಮಳಿನೀರು ಸಣ್ಣ ಹುಳಿ ಇರತೈತಿ, ಸಾವಿರಾರು ವರ್ಷ ಕಲ್ಲನ್ನ ಕರಗಿಸಿ ಕರಗಿಸಿ ಒಳಗ ಜರಡಿ ಮಾಡಿಬಿಟ್ಟೈತಿ. ಮ್ಯಾಲೆ ಬಿದ್ದದ್ದು ಬಿರುಕಿನ್ಯಾಗ ಇಳದು ಎಲ್ಲೋ ಕೆಳಗ ಬುಗ್ಗಿ ಆಗಿ ಹೊರಗ ಬರತೈತಿ. ಬೆನಮಾಓಮಾದಾಗ ಅಂಥಾ ಒಂದು ದೊಡ್ಡ ಬುಗ್ಗಿ ಐತಿ, ಅದರಿಂದನ ಹೊಳಿ ಹುಟ್ಟತೈತಿ.

ಇದಕ್ಕ ಸಾಕ್ಷಿ ಬೇಕಂದ್ರ ಮೊಂತೆಹಾಕೆ ಅಣೆಕಟ್ಟಿನ ಕಥಿ ಕೇಳ್ರಿ. 1920ರ ದಶಕದಾಗ ಒಂದು ವಿದ್ಯುತ್ ಕಂಪನಿ ಅಲ್ಲೆ ಕಮಾನಿನಾಕಾರದ ಅಣೆಕಟ್ಟು ಕಟ್ಟಿತು, 80 ಮೀಟರಿಗಿಂತ ಎತ್ತರ. ಆ ಕಾಲಕ್ಕ ಅದು ಭಾರೀ ದೊಡ್ಡ ಕೆಲಸ. ಕಟ್ಟಿ ಮುಗಿಸಿದ ಮ್ಯಾಲೆ ನೀರು ನಿಲ್ಲವಲ್ದು! ಹೊಳಿ ಪಕ್ಕದ ಉಂದಿದೇರೋ ಗುಹೆಯೊಳಗ ಸೋರಿ, ಗುಡ್ಡದ ಹೊಟ್ಟೆಯೊಳಗ ಹಾದು, ಆ ಕಡೆ ಗಾತೋ ಗುಹೆಯಿಂದ ಹೊರಗ ಬಂತು. ವರ್ಷಗಟ್ಟಲೆ ಗುಹೆಯೊಳಗ ಇಳದು ಕಾಂಕ್ರೀಟ್ ಹಾಕಿ ಬಿರುಕು ಮುಚ್ಚಾಕ ನೋಡಿದ್ರು. ಒಂದು ಮುಚ್ಚಿದ್ರ ಇನ್ನೊಂದು. ಕಡೀಗೆ ಕೈಬಿಟ್ರು. ಗೋಡೆ ಇವತ್ತಿಗೂ ನಿಂತೈತಿ, ಒಳಗಿನ ಹಳೇ ಕಟ್ಟಡದ ಅವಶೇಷನೂ ಅದಾವ. ಕಟ್ಟೂಕಿಂತ ಮೊದಲ ಕೆಳಗಿನ ಕಲ್ಲನ್ನ ಕೇಳಬೇಕಾಗಿತ್ತು.

ಚಾರಣಪ್ರಿಯ
ಕಥೆ ಚೆನ್ನಾಗಿದೆ, ಆದ್ರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಸಸ್ಯಶಾಸ್ತ್ರದ_ಟೀಚರ್
ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಪಿನ್ಸಾಪೊ ಬೆಳೆಯೋದು ಸ್ಪೇನಿನ ಈ ಮೂಲೆಯಲ್ಲಿ ಮಾತ್ರ. ಗ್ರಸಲೇಮಾ, ಸಿಯೆರಾ ದೆ ಲಾಸ್ ನಿಯೆವೆಸ್, ಸಿಯೆರಾ ಬೆರ್ಮೆಹಾ, ಈ ಮೂರೇ ಬೆಟ್ಟಗಳಲ್ಲಿ ಸಹಜ ಕಾಡು ಉಳಿದಿದೆ. ಗ್ರಸಲೇಮಾದಲ್ಲಿ ಇರೋದು ಸುಮಾರು 400 ಹೆಕ್ಟೇರ್, ಅದೂ ಸಿಯೆರಾ ದೆಲ್ ಪಿನಾರ್‌ನ ಉತ್ತರ ಮಗ್ಗುಲಲ್ಲಿ ಮಾತ್ರ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಬಿಸಿಲು ಇದಕ್ಕೆ ಆಗಲ್ಲ. ನೆರಳು, ಮಂಜು, ತಂಪು ಇರೋ ಕಡೆ ಅಂಟಿಕೊಂಡು ಬದುಕಿದೆ. ಹಿಂದೆ ಹವೆ ತಂಪಾಗಿದ್ದ ಯುಗದಲ್ಲಿ ಫರ್ ಮರಗಳು ಮೆಡಿಟರೇನಿಯನ್ ಸುತ್ತ ಹರಡಿದ್ದವು. ಹವೆ ಬಿಸಿಯಾಗಿ ಒಣಗಿದಾಗ ಬೆಟ್ಟದ ಮೇಲೆ ಮೇಲೆ ಸರಿದು, ಒಂದೊಂದು ಬೆಟ್ಟದಲ್ಲಿ ಒಂದೊಂದು ಗುಂಪು ಒಂಟಿಯಾಯ್ತು. ಮೊರಾಕ್ಕೋದ ರಿಫ್ ಬೆಟ್ಟದಲ್ಲಿ ಇದರ ಹತ್ತಿರದ ನೆಂಟ ಇದೆ, ಅಲ್ಜೀರಿಯಾದ ಬಾಬೋರ್ ಬೆಟ್ಟದಲ್ಲಿ ಇನ್ನೊಂದು. ಸಿಸಿಲಿಯ ಮದೋನಿಯೆ ಬೆಟ್ಟದ ಜಾತಿಯಂತೂ ಮೂವತ್ತರ ಆಸುಪಾಸು ಬೆಳೆದ ಮರಗಳಿಗೆ ಇಳಿದಿದೆ. ಮೇಲಕ್ಕೆ ಸರಿಯೋಕೆ ಇವಕ್ಕೆ ಇನ್ನು ಜಾಗ ಇಲ್ಲ. ಗ್ರಸಲೇಮಾದ ತುದಿಯೇ 1,650 ಮೀಟರ್ ಹತ್ತಿರ, ಅಲ್ಲಿಂದ ಮುಂದೆ ಆಕಾಶ.

ಈಗ ಬೆಂಕಿ ವಿಷಯ. ಕಾರ್ಕ್ ಓಕ್ ಮರದ ದಪ್ಪ ತೊಗಟೆ ಬೆಂಕಿ ತಡೆಯುತ್ತೆ, ಸುಟ್ಟರೂ ಮತ್ತೆ ಚಿಗುರುತ್ತೆ. ಕೆಲವು ಪೈನ್ ಮರಗಳ ಕಾಯಿ ಬಿಸಿ ತಾಗಿದ್ರೇ ಬಿಚ್ಚಿ ಬೀಜ ಚೆಲ್ಲುತ್ತೆ. ಪಿನ್ಸಾಪೊಗೆ ಇವೆರಡೂ ಇಲ್ಲ. ಬುಡದಿಂದ ಚಿಗುರಲ್ಲ, ಕಾಯಿಯಲ್ಲಿ ಬೀಜ ಬಚ್ಚಿಟ್ಟುಕೊಳ್ಳಲ್ಲ. ಕಾಯಿ ಮರದ ಮೇಲೇ ಎಸಳು ಎಸಳಾಗಿ ಉದುರಿಹೋಗುತ್ತೆ, ನೆಲದಲ್ಲಿ ಇಡೀ ಕಾಯಿ ಹುಡುಕಿದ್ರೂ ಸಿಗೋದು ಅಪರೂಪ. ಸುಟ್ಟರೆ ಅಲ್ಲಿಗೆ ಮುಗೀತು. ನೀವು ಎಚ್ಚರ ಇರಬಹುದು @ಚಾರಣಪ್ರಿಯ, ನಿಮ್ಮ ಹಿಂದೆ ಬರೋ ನೂರನೇ ಮನುಷ್ಯ ಬೀಡಿ ಎಸೆಯಲ್ಲ ಅಂತ ಯಾರು ಹೊಣೆ?

ಮಾಲಗ_ವಾಸಿ
ಟೀಚರ್ ಹೇಳಿದ್ದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಸಿಯೆರಾ ಬೆರ್ಮೆಹಾ. 2021ರ ಸೆಪ್ಟೆಂಬರ್ 8ರ ರಾತ್ರಿ ಹತ್ತಿದ ಬೆಂಕಿ, ಸುಮಾರು 10,000 ಹೆಕ್ಟೇರ್ ಸುಟ್ಟುಹೋಯ್ತು. ಹೊಗೆ ಮೇಲೆದ್ದು ತನ್ನದೇ ಗುಡುಗು ಮೋಡ ಕಟ್ಟಿಕೊಂಡು ಕುಸಿದು, ಕಿಡಿಗಳನ್ನ ದೂರ ದೂರ ಚೆಲ್ಲೋದು. ಹಳ್ಳಿಗಳನ್ನ ಖಾಲಿ ಮಾಡಿಸಿದ್ರು. ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ರು. ವಿಮಾನ, ಹೆಲಿಕಾಪ್ಟರ್, ಸೈನ್ಯ ಎಲ್ಲ ಬಂದ್ರೂ ಕೊನೆಗೆ ಮಳೆ ಬಂದ ಮೇಲೇ ಹತೋಟಿಗೆ ಬಂದಿದ್ದು. ನಾನಿರೋ ಕರಾವಳಿಯಿಂದಲೇ ಹೊಗೆ ಕಾಣ್ತಿತ್ತು. ಅದು ಬೇಕಂತಲೇ ಹಚ್ಚಿದ ಬೆಂಕಿ ಅನ್ನೋ ಅನುಮಾನ ಆಗಲೇ ಬಂದಿತ್ತು. ಜಿನೀವಾದ ಸಸ್ಯವಿಜ್ಞಾನಿ ಬ್ವಾಸಿಯೆ 1837ರಲ್ಲಿ ಪಿನ್ಸಾಪೊ ಮರವನ್ನ ಗುರುತಿಸಿ ಹೊರಜಗತ್ತಿಗೆ ತಿಳಿಸಿದ್ದು ಇದೇ ಬೆರ್ಮೆಹಾ ಬೆಟ್ಟ ಹತ್ತಿ.

ಚಾರಣಪ್ರಿಯ
ಬೇಕಂತ ಹಚ್ಚೋನು ಪರ್ಮಿಟ್ ಕೇಳ್ಕೊಂಡು ಬರ್ತಾನಾ? ಅದಕ್ಕೇ ಹೇಳಿದ್ದು, ನಿಯಮ ಪಾಲಿಸೋರಿಗೇ ಶಿಕ್ಷೆ.

ಕಾಡುದಾರಿ
ದಾರಿಯಲ್ಲಿ ನಾಲ್ಕು ಜನ ಇದ್ದರೆ ಯಾರು ಒಳಗಿದ್ದಾರೆ ಅಂತ ಲೆಕ್ಕ ಸಿಗುತ್ತೆ. ನಾನೂರು ಜನ ಇದ್ದರೆ ಬೆಂಕಿ ಹತ್ತಿದ ದಿನ ಅವರನ್ನ ಕೆಳಗಿಳಿಸೋದೇ ದೊಡ್ಡ ಕೆಲಸ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಫೋಟೋ ಎಲ್ಲರೂ ನೋಡಿದ್ದೀವಿ. ಆಮೇಲೇ ತಾನೇ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟು ಅಂತ ಮಿತಿ ಬಂದಿದ್ದು? ನಾನಂತೂ ಆ ಮಿತಿ ಪರ.

ಚಾರಣಪ್ರಿಯ
ಮಿತಿ ಇರಲಿ, ಒಪ್ತೀನಿ. ಬಾಗಿಲನ್ನೇ ಮುಚ್ಚೋದು ಬೇಡ ಅಂತ ನನ್ನ ವಾದ. ಜನ ನೋಡದ ಕಾಡಿನ ಪರವಾಗಿ ನಾಳೆ ದನಿ ಎತ್ತೋರು ಯಾರು?

ಅಡಿಕೆತೋಟ
ಬೆಂಕಿ ಒಂದೇ ಅಲ್ಲ, ರೋಗವೂ ಉಂಟಲ್ಲ. ಆ ಕಡೆ ಓಕ್ ಮರಗಳು ನಿಂತಲ್ಲೇ ಒಣಗ್ತವೆ ಅಂತ ಓದಿದ್ದೆ. ಟೀಚರೇ, ಅದು ಯಾವ ರೋಗ?

ಸಸ್ಯಶಾಸ್ತ್ರದ_ಟೀಚರ್
ಫೈಟಾಫ್ಥೊರಾ ಸಿನಮೋಮಿ ಅನ್ನೋ ಬೇರು ಕೊಳೆಸೋ ಜೀವಿ ದೊಡ್ಡ ಕಾರಣ, ಬರ ಅದಕ್ಕೆ ಜೊತೆ. ನಿಮ್ಮ ತೋಟದ ಅಡಿಕೆ ಕೊಳೆರೋಗ ತರೋದೂ ಅದೇ ಫೈಟಾಫ್ಥೊರಾ ಕುಲದ್ದೇ, ಜಾತಿ ಬೇರೆ. ಪಿನ್ಸಾಪೊಗೆ ಬೇರೆ ಶಿಲೀಂಧ್ರಗಳ ಕಾಟ ಇದೆ. ಬರ ಬಿದ್ದ ವರ್ಷ ಮರ ಸೊರಗುತ್ತೆ, ಸೊರಗಿದ ಮರಕ್ಕೆ ಬೇರು ಕೊಳೆಯೋ ರೋಗ, ತೊಗಟೆ ಕೊರೆಯೋ ಹುಳ ಎರಡೂ ಏರುತ್ತವೆ.

ಅಡಿಕೆತೋಟ
ಹಾಗಾದ್ರೆ ವಿಷಯ ಸ್ಪಷ್ಟ ಆಯ್ತು ನೋಡಿ. ಕೊಳೆ ಹೇಗೆ ಹರಡ್ತದೆ ಅಂತ ನಮಗೆ ಗೊತ್ತುಂಟು. ನೀರಲ್ಲಿ, ಗಾಳಿಮಳೆಯಲ್ಲಿ, ಒಂದು ತೋಟದಿಂದ ಇನ್ನೊಂದಕ್ಕೆ. ಬೇರಿನದ್ದಾದ್ರೆ ಶೂಗೆ ಮೆತ್ತಿದ ಕೆಸರಲ್ಲೇ ಹೋಗ್ತದೆ. @ಚಾರಣಪ್ರಿಯ ನೀವು ಕೇಳಿದ್ರಲ್ಲ, ನಡೆಯೋನಿಂದ ಏನು ನಷ್ಟ ಅಂತ. ಒಂದು ಕಾಡಿನ ಮಣ್ಣು ಇನ್ನೊಂದು ಕಾಡಿಗೆ ಹೊತ್ಕೊಂಡು ಹೋಗೋದು ನಷ್ಟ ಅಲ್ವಾ? ಶೂ ತೊಳೆದು ಒಣಗಿಸಿ ಹೋಗಿ, ಅಷ್ಟೇ ನಾನು ಹೇಳೋದು.

ಚಾರಣಪ್ರಿಯ
ಇದನ್ನ ಯಾರೂ ಹೇಳಿರಲಿಲ್ಲ. ಒಳ್ಳೇ ಮಾತು.

ತುಂಗಾತೀರ
ಓಕ್ ಅಂದಾಗ ನೆನಪಾಯ್ತು. ಗ್ರಸಲೇಮಾದ ದಕ್ಷಿಣಕ್ಕೆ ಲೋಸ್ ಅಲ್ಕೋರ್ನೊಕಾಲೆಸ್ ಅಂತ ಇನ್ನೊಂದು ಸಂರಕ್ಷಿತ ಕಾಡು ಅಂಟಿಕೊಂಡಿದೆ, ಅಲ್ಲಿ ಕಾರ್ಕ್ ಓಕ್ ಮರಗಳದ್ದೇ ರಾಜ್ಯ. ಜೂನ್‌ನಲ್ಲಿ ತೊಗಟೆ ಸುಲಿಯೋದನ್ನ ಹತ್ತಿರ ನಿಂತು ನೋಡಿದೆ. ಕೊಡಲಿಯ ಅಂಚಿಂದ ತೊಗಟೆಗೆ ಉದ್ದಕ್ಕೆ ಒಂದು ಗೀರು ಹಾಕ್ತಾರೆ, ಅಡ್ಡಕ್ಕೆ ಒಂದು, ಆಮೇಲೆ ಕೊಡಲಿಯ ಹಿಡಿಯ ತುದಿಯನ್ನ ಸಂದಿಗೆ ತೂರಿಸಿ ಮೀಟ್ತಾರೆ. ಹಲಗೆ ಹಾಗೇ ಬಿಟ್ಟುಕೊಳ್ಳುತ್ತೆ. ಒಳಗಿನ ಕಾಂಡ ಮೊದಲು ಹಳದಿ ಬಣ್ಣ, ದಿನ ಕಳೆದಂತೆ ಕೆಂಪು-ಕಂದು. ಏಟು ಸ್ವಲ್ಪ ಆಳ ಆದ್ರೂ ಒಳಪದರಕ್ಕೆ ಗಾಯ, ಆ ಜಾಗದಲ್ಲಿ ಮತ್ತೆ ಒಳ್ಳೇ ತೊಗಟೆ ಬರಲ್ಲ. ಒಂದು ಸಲ ಸುಲಿದ ಮೇಲೆ ಒಂಬತ್ತು ವರ್ಷ ಮುಟ್ಟೋ ಹಾಗಿಲ್ಲ.

ಪೇಟೆಬೀದಿ
ವೈನ್ ಬಾಟಲಿ ಬಿರಡೆ ಇದರಿಂದಲೇನಾ?

ತುಂಗಾತೀರ
ಹೌದು. ಮರಕ್ಕೆ ಇಪ್ಪತ್ತೈದು-ಮೂವತ್ತು ವರ್ಷ ಆದ್ಮೇಲೆ ಮೊದಲ ಸುಲಿತ, ಆದ್ರೆ ಅದು ಬಿರಡೆಗೆ ಆಗಲ್ಲ, ಒರಟು. ಮುಂದಿನ ಸುಲಿತಗಳದ್ದೇ ಬೆಲೆ. ಅಪ್ಪ ನೆಟ್ಟರೆ ಮಗ ತಿನ್ನಬೇಕು ಅಂತಾರಲ್ಲ, ಅಂಥ ಬೇಸಾಯ.

ಕುರಿಗಾಹಿ_ಮನೆತನ
ಇಷ್ಟೊತ್ತು ಓದ್ತಾ ಇದ್ದೆ. ಕಾಡು, ಮರ, ಚಾರಣ ಎಲ್ಲ ಆಯ್ತು. ಅಲ್ಲಿ ತಲೆತಲಾಂತರದಿಂದ ಬದುಕಿದ ದನಗಾಹಿ, ಕುರಿಗಾಹಿಗಳ ಮಾತು ಯಾರಾದ್ರೂ ಎತ್ತಿದ್ರಾ? ಎಲ್ಲ ಕಡೆ ಕಾಡು ಹಾಳಾದ್ರೆ ಮೊದಲು ಬೆರಳು ತೋರ್ಸೋದು ಮೇಕೆ ಕಾಯೋನ ಕಡೆ.

ಸಸ್ಯಶಾಸ್ತ್ರದ_ಟೀಚರ್
ಮೇಕೆ ಪಿನ್ಸಾಪೊ ಸಸಿ ತಿಂದಿದ್ದು ಸುಳ್ಳಲ್ಲ. ಇದ್ದಿಲಿಗೆ, ಸುಣ್ಣದ ಗೂಡಿಗೆ ಮರ ಕಡಿದಿದ್ದೂ ನಿಜ. ಮೇಯೋದು, ಕಡಿಯೋದು ನಿಂತ ಮೇಲೇ ಕಾಡು ಮತ್ತೆ ಹರಡಿದ್ದು. ಎಳೇ ಪಿನ್ಸಾಪೊದ ಸೂಜಿ ಎಲೆ ರೆಂಬೆಯ ಸುತ್ತ ಎಲ್ಲ ದಿಕ್ಕಿಗೂ ಗಟ್ಟಿಯಾಗಿ ಚುಚ್ಚಿಕೊಂಡು ನಿಂತಿರುತ್ತೆ, ಆದ್ರೂ ಹಸಿದ ಮೇಕೆ ಬಿಡಲ್ಲ. ಕಾಡು ಮೇಕೆಗಳೂ ಅಲ್ಲಿ ಹೆಚ್ಚಿವೆ, ಅವೂ ತಿಂತವೆ.

ಕುರಿಗಾಹಿ_ಮನೆತನ
ಮರ ಕಡಿಸಿದ್ದು ಯಾರಿಗಾಗಿ? ಊರಿನ, ಪಟ್ಟಣದ ಒಲೆಗೆ. ಸುಣ್ಣ ಯಾರ ಗೋಡೆಗೆ? ಮೇಕೆಯೋನು ಬರೀ ಮೇಕೆ ಕಾದ.

ಮಾಲಗ_ವಾಸಿ
ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ನೋಡಿದ್ದನ್ನ ಹೇಳ್ತೀನಿ. ಇಲ್ಲಿ ಪಯೋಯಾ ಅನ್ನೋ ಮೇಕೆ ತಳಿ ಇದೆ, ಈ ಬೆಟ್ಟದ್ದೇ. ವಿಯಾಲುಯೆಂಗಾ ಊರಲ್ಲಿ ಅದರ ಹಾಲಿನ ಚೀಸ್ ಮಾಡ್ತಾರೆ, ಅದಕ್ಕೆ ತುಂಬಾ ಹೆಸರು. ಗ್ರಸಲೇಮಾಗೆ ತನ್ನದೇ ಮೆರಿನೊ ಕುರಿ ತಳಿ ಇದೆ. ಒಂದು ಕಾಲಕ್ಕೆ ಆ ಊರು ಉಣ್ಣೆ ಕಂಬಳಿಯಿಂದಲೇ ಬದುಕಿತ್ತು, ಈಗಲೂ ಅಲ್ಲಿ ನೇಯ್ತಾರೆ. ಪಾರ್ಕ್ ಅಂದ್ರೆ ಜನರನ್ನ ಎಬ್ಬಿಸಿದ ಜಾಗ ಅಲ್ಲ ಇದು. ಒಳಗೇ ಹಳ್ಳಿಗಳಿವೆ, ಹೊಲ ಇದೆ, ಮಂದೆ ಇದೆ. ಮಧ್ಯದ 3,000 ಹೆಕ್ಟೇರ್ ಆಸುಪಾಸಿನ ಮೀಸಲು ಭಾಗಕ್ಕೆ ಮಾತ್ರ ಈ ಪರ್ಮಿಟ್ ಎಲ್ಲ.

ಕುರಿಗಾಹಿ_ಮನೆತನ
ಕಂಬಳಿ ಅಂದ್ರಿ, ಜೀವ ಬಂತು. ನಮ್ಮ ಚಿತ್ರದುರ್ಗ, ಚಳ್ಳಕೆರೆ ಕಡೆ ಕರಿ ಕಂಬಳಿ ನೇಯೋ ಮಗ್ಗಗಳು ಒಂದೊಂದೇ ನಿಲ್ತಾ ಇವೆ. ಅಲ್ಲಿ ಉಳಿದಿದೆ ಅಂದ್ರೆ ಸಂತೋಷ.

ಹದ್ದುಗಣ್ಣು
ಮಂದೆ ಇರೋ ಕಡೆ ರಣಹದ್ದು ಇರ್ಬೇಕಲ್ಲ. ಗ್ರಸಲೇಮಾ ಅಂದ್ರೆ ನನಗೆ ಮೊದಲು ನೆನಪಾಗೋದು ಗರ್ಗಾಂತಾ ವೆರ್ದೆ ಕೊರಕಲು. ನೇರ ಸುಣ್ಣಕಲ್ಲಿನ ಗೋಡೆಗಳ ಮೇಲೆ ಗ್ರಿಫನ್ ರಣಹದ್ದುಗಳ ದೊಡ್ಡ ವಸಾಹತು. ವರ್ಷಕ್ಕೆ ಒಂದೇ ಮೊಟ್ಟೆ, ಮರಿ ಹಾರೋದಕ್ಕೆ ತಿಂಗಳುಗಟ್ಟಲೆ ಬೇಕು, ಅದಕ್ಕೇ ಮರಿ ಮಾಡೋ ಕಾಲದಲ್ಲಿ ಆ ದಾರಿಗೂ ನಿರ್ಬಂಧ. ಯುರೋಪಿನ ರಣಹದ್ದುಗಳಲ್ಲಿ ಬಹುಪಾಲು ಇರೋದು ಸ್ಪೇನಿನಲ್ಲೇ.

ನನ್ನ ಹೊಟ್ಟೆ ಉರಿಯೋದು ಇನ್ನೊಂದು ಕಾರಣಕ್ಕೆ. ದನಕ್ಕೆ ಕೊಡೋ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿಯಿಂದ ನಮ್ಮ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99ರಷ್ಟು ನಾಶವಾದವು. ಸತ್ತ ದನದ ಮಾಂಸದಿಂದ ಮೂತ್ರಪಿಂಡಕ್ಕೆ ಏಟು. ಭಾರತ 2006ರಲ್ಲಿ ಪಶುಗಳಿಗೆ ಅದನ್ನ ನಿಷೇಧಿಸ್ತು. ಇಷ್ಟೆಲ್ಲ ಗೊತ್ತಾದ ಮೇಲೆ, 2013ರಲ್ಲಿ, ಸ್ಪೇನ್ ಅದೇ ಔಷಧಿಗೆ ಅನುಮತಿ ಕೊಟ್ಟಿತು! 2020ರಲ್ಲಿ ಕೆಟಲೋನಿಯಾದಲ್ಲಿ ಒಂದು ಕಪ್ಪು ರಣಹದ್ದಿನ ಮರಿ ಅದರಿಂದಲೇ ಸತ್ತಿದ್ದು ಖಚಿತ ಆಯ್ತು. ರಾಮನಗರದ ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದ್ರು. ಅಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಾಗಿ ಬಂಡೆ ಕಡೆ ಕಣ್ಣು ನೆಟ್ಟು ಕಾದವರಿಗೆ ಗೊತ್ತು, ಕಳ್ಕೊಂಡ ಮೇಲೆ ವಾಪಸ್ ತರೋದು ಎಷ್ಟು ಕಷ್ಟ ಅಂತ.

ಪೇಟೆಬೀದಿ
ಸ್ಪೇನಿನವರು ಆದ್ರೂ ಯಾಕೆ ಒಪ್ಪಿದ್ರು?

ಹದ್ದುಗಣ್ಣು
ಅಲ್ಲಿ ಸತ್ತ ಪ್ರಾಣಿಗಳ ವಿಲೇವಾರಿಗೆ ಕಟ್ಟುನಿಟ್ಟಾದ ವ್ಯವಸ್ಥೆ ಇದೆ, ಔಷಧಿ ತಿಂದ ದನ ಹಕ್ಕಿಗೆ ಸಿಗಲ್ಲ ಅನ್ನೋ ನಂಬಿಕೆ. ಬೆಟ್ಟದ ಮೇಲೆ ಸತ್ತ ಮೇಕೆಯನ್ನ ಯಾರು ಹೋಗಿ ಹೊತ್ಕೊಂಡು ಬರ್ತಾರೆ? ಅದಕ್ಕೂ ಹಿಂದೆ, ಹುಚ್ಚು ದನದ ರೋಗದ ಭಯದಲ್ಲಿ ಸತ್ತ ದನಗಳನ್ನೆಲ್ಲ ಸುಡಬೇಕು ಅಂತ ಯುರೋಪು ನಿಯಮ ಮಾಡಿದಾಗ ರಣಹದ್ದುಗಳು ಉಪವಾಸ ಬಿದ್ದಿದ್ದವು. ಆಮೇಲೆ ಸಡಿಲ ಮಾಡಿದ್ರು.

ಕುರಿಗಾಹಿ_ಮನೆತನ
ನಮ್ಮ ಪಶು ಡಾಕ್ಟ್ರು ಈಗ ಬೇರೆ ಏನೋ ಕೊಡ್ತಾರೆ. ಯಾವುದು ಸುರಕ್ಷಿತ?

ಹದ್ದುಗಣ್ಣು
ಮೆಲೊಕ್ಸಿಕ್ಯಾಮ್ ಕೇಳಿ, ಇಲ್ಲಾ ಟೊಲ್ಫೆನಾಮಿಕ್ ಆಸಿಡ್. ಎರಡೂ ರಣಹದ್ದಿಗೆ ಸುರಕ್ಷಿತ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಬೇಡ, 2023ರಲ್ಲಿ ಅವನ್ನೂ ಪಶುಗಳಿಗೆ ನಿಷೇಧಿಸಿದ್ದಾರೆ.

ಕಾಡುದಾರಿ
ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತು. @ತುಂಗಾತೀರ ನೀವು ನವೆಂಬರ್ ಆದ್ಮೇಲೆ ಹೋಗಿ. ಪರ್ಮಿಟ್ ಮೊದಲೇ ಮಾಡಿಸಿ, ಗಾಳಿಮಳೆಯ ದಿನ ಬಿಡಿ.

ಕಲ್ಲುಬಂಡೆ
ಹೋದಾಗ ಬೆನಾಓಹಾನ್ ಹತ್ರ ಪಿಲೇತಾ ಗುಹೆ ನೋಡದ ಬರಬ್ಯಾಡ್ರಿ. 1905ರಾಗ ಒಬ್ಬ ರೈತ ಹೊಲಕ್ಕ ಬಾವಲಿ ಗೊಬ್ಬರ ಹುಡಕಾಕ ಇಳದಾಗ ಗ್ವಾಡಿ ಮ್ಯಾಲೆ ಹಳೇ ಶಿಲಾಯುಗದ ಚಿತ್ರ ಕಂಡ್ವಂತ. ಕುದುರಿ, ಕಾಡುಮೇಕಿ, ಒಂದು ದೊಡ್ಡ ಮೀನು. ಆ ಕುಟುಂಬದವರ ಇವತ್ತಿಗೂ ಒಳಗ ಕರಕೊಂಡು ಹೋಗ್ತಾರ.

ತುಂಗಾತೀರ
ಇಬ್ಬರಿಗೂ ಧನ್ಯವಾದ. ಶೂ ತೊಳ್ಕೊಂಡೇ ಹೋಗ್ತೀನಿ @ಅಡಿಕೆತೋಟ.

ಕುರಿಗಾಹಿ_ಮನೆತನ
ಒಂದು ಮಾತು ಉಳೀತು. ಬೇಸಿಗೆಗೆ ಮೊದಲು ಒಣಹುಲ್ಲು ಮೇಯಿಸಿದ್ರೆ ಬೆಂಕಿಗೆ ತಿನ್ನೋಕೆ ಏನು ಉಳಿಯುತ್ತೆ? ಇದನ್ನ ಯಾವ ಅಧಿಕಾರಿಯೂ ಕೇಳಲ್ಲ. ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಹತ್ತಿದ ಬೆಂಕಿ ನೆನಪಿದೆಯಲ್ಲ.

ಸಸ್ಯಶಾಸ್ತ್ರದ_ಟೀಚರ್
ಬಂಡೀಪುರದ ಒಳಗೆ ದನ ಬಿಡೋ ಮಾತಿಗೆ ನಾನು ಒಪ್ಪಲ್ಲ. ಕಾಲುಬಾಯಿ ರೋಗ ಕಾಟಿಗಳಿಗೆ ತಗಲುತ್ತೆ, ಹುಲಿ ಇರೋ ಕಡೆ ದನ ಬಿಟ್ಟರೆ ಎರಡೂ ಕಡೆ ಜಗಳ.

ಮಾಲಗ_ವಾಸಿ
ಟೀಚರ್, ಬಂಡೀಪುರದ ವಿಷಯ ನಿಮಗೇ ಬಿಡ್ತೀನಿ. ಆದ್ರೆ ಇವರು ಹೇಳಿದ್ದನ್ನ ಈ ಸೀಮೆಯ ಆಂದಲೂಸಿಯಾ ಸರ್ಕಾರ 2005ರಿಂದ ಮಾಡ್ತಾ ಇದೆ. ಬೆಂಕಿ ರೇಖೆಗಳಲ್ಲಿ, ಅಂದ್ರೆ ಬೆಂಕಿ ದಾಟದ ಹಾಗೆ ತೆರವು ಮಾಡಿದ ಪಟ್ಟಿಗಳಲ್ಲಿ, ಗಿಡಗಂಟಿ ಬೆಳೀದ ಹಾಗೆ ಮೇಯಿಸೋಕೆ ಕುರಿ-ಮೇಕೆ ಕಾಯೋರ ಜೊತೆ ಸರ್ಕಾರ ಕರಾರು ಮಾಡ್ಕೊಳ್ಳುತ್ತೆ, ಹಣ ಕೊಡುತ್ತೆ. ಮೀಸಲು ಕಾಡಿನ ಒಳಗೆ ಅಲ್ಲ, ರೇಖೆಯ ಮೇಲೆ. ಸಸಿಯೂ ಉಳಿಯುತ್ತೆ, ಮಂದೆಯೂ ಉಳಿಯುತ್ತೆ.

ಕುರಿಗಾಹಿ_ಮನೆತನ
ಹಣ ಹೇಗೆ ಲೆಕ್ಕ ಹಾಕ್ತಾರೆ? ಮಂದೆಯ ತಲೆ ಎಣಿಸಿಯೋ, ದಿನಕ್ಕಿಷ್ಟು ಅಂತಲೋ?

ಮಾಲಗ_ವಾಸಿ
ಎರಡೂ ಅಲ್ಲ. ಎಷ್ಟು ಹೆಕ್ಟೇರ್, ಇಳಿಜಾರು ಎಷ್ಟು, ದೊಡ್ಡಿಯಿಂದ ಎಷ್ಟು ದೂರ, ಅಲ್ಲಿ ಎಂಥ ಗಿಡ ಇದೆ ಅಂತ ನೋಡಿ ದರ ನಿಗದಿ ಮಾಡ್ತಾರೆ. ಮೇವಿನ ಕಾಲ ಮುಗಿದ ಮೇಲೆ ತಜ್ಞರು ಬಂದು ಹುಲ್ಲು ಎಷ್ಟು ತಿಂದಿವೆ, ಪೊದೆ ಎಷ್ಟು ಕಚ್ಚಿವೆ ಅಂತ ಪರೀಕ್ಷೆ ಮಾಡ್ತಾರೆ. ಪೂರ್ತಿ ಮೇಯಿಸಿದ್ರೆ ಪೂರ್ತಿ ಹಣ, ಅರ್ಧಂಬರ್ಧ ಆದ್ರೆ ಕಡಿತ.

ಕುರಿಗಾಹಿ_ಮನೆತನ
ಇದು ಸರಿಯಾದ ಲೆಕ್ಕ. ಆ ಕರಾರಿನ ವಿವರ ಎಲ್ಲಾದ್ರೂ ಸಿಕ್ಕರೆ ಕನ್ನಡದಲ್ಲಿ ಬರೆದು ಹಾಕಿ, ನಮ್ಮ ಕುರಿ ಸಾಕೋರ ಸಂಘದ ಮುಂದಿನ ಸಭೆಯಲ್ಲಿ ಓದ್ತೀನಿ.